ಕಚ್ಚಿಟ್ಟ ರೊಟ್ಟಿ

ಅಪ್ಪಾ,

ಇವತ್ತು ತಾಷ್ಕೆಂಟಿನಲ್ಲಿ ಇಡೀ ದಿನ ನಡೆದೆ. ಸೋವಿಯತ್ ಕಾಲದ ಕಟ್ಟಡಗಳೆಲ್ಲ ಒಂದೇ ಥರ. ಮೂರು ಸಲ ದಾರಿ ತಪ್ಪಿದೆ. ಕೊನೆಗೆ, ಅರವತ್ತಾರರ ಭೂಕಂಪ ಆದಮೇಲೆ ನೀನು ಬಂದು ಕಟ್ಟಿದ ಮನೆಗಳು ಸಿಕ್ಕವು. ಗೋಡೆಯ ಮೇಲೆ ನಮ್ಮ ಜಾರ್ಜಿಯಾದ ದ್ರಾಕ್ಷಿಗೊಂಚಲಿನ ಚಿತ್ತಾರ ಇನ್ನೂ ಇದೆ, ಬಣ್ಣ ಹೋಗಿದೆ.

ಅಲ್ಲೊಂದು ಮನೆಯ ಬಾಗಿಲಲ್ಲಿ ಕೂತಿದ್ದ ಮಸ್ತುರಾ ಎಂಬ ಅಜ್ಜಿಗೆ ನಿನ್ನ ಹೆಸರು ಹೇಳಿದ್ದೇ ತಡ, "ವಝಾನ ಮಗನೇನೋ? ಅದೇ ಮೂಗು!" ಎಂದು ನನ್ನನ್ನು ಒಳಗೆಳೆದುಕೊಂಡಳು. ಅಡುಗೆಮನೆಯ ಮೊಳೆಯಿಂದ ಒಂದು ಬಟ್ಟೆಗಂಟು ಇಳಿಸಿ ಬಿಚ್ಚಿದಳು. ಒಳಗೆ ಕಲ್ಲಿನಂಥ ರೊಟ್ಟಿ.

"ದೂರ ಹೋಗೋರ ಕೈಲಿ ಒಂದು ತುತ್ತು ಕಚ್ಚಿಸಿ ಇಟ್ಕೋತೀವಪ್ಪ. ಉಳಿದಿದ್ದನ್ನ ಅವರೇ ವಾಪಸ್ ಬಂದು ತಿನ್ಬೇಕು. ಇದು ನಿಮ್ಮಪ್ಪ ಊರಿಗೆ ಹೊರಟಾಗ ನಮ್ಮಮ್ಮ ಕಚ್ಚಿಸಿದ್ದು. ಐವತ್ತು ವರ್ಷದ ಮೇಲಾಯ್ತು, ಎಲ್ಲಿ ಆ ಸುಳ್ಳುಗಾರ?"

ಕಚ್ಚಿದ ಜಾಗದಲ್ಲಿ ನಿನ್ನ ಮುರಿದ ಹಲ್ಲಿನ ಗುರುತಿತ್ತು.

ಪ್ರತಿ ಬೇಸಿಗೆಯಲ್ಲೂ ನೀನು, "ಒಂದ್ಸಲ ತಾಷ್ಕೆಂಟಿಗೆ ಕರ್ಕೊಂಡು ಹೋಗೋ" ಅನ್ನುತ್ತಿದ್ದೆ. ಅಲ್ಲೇನಿದೆ ನೋಡೋಕೆ ಅನ್ನುತ್ತಿದ್ದೆ ನಾನು.

ಅಜ್ಜಿ ರೊಟ್ಟಿಯನ್ನು ಮತ್ತೆ ಸುತ್ತಿ ಅದೇ ಮೊಳೆಗೆ ತೂಗುಹಾಕಿದಳು. "ಮುಂದಿನ ಸಲ ಅವನನ್ನೂ ಕರ್ಕೊಂಡು ಬಾ."

ನಿನ್ನ ನಲವತ್ತನೇ ದಿನದ ತಿಥಿಯೂಟ ಮುಗಿಸಿ ಬಂದವನು, "ಆಯ್ತಜ್ಜಿ" ಎಂದೆ.