ಚಿಣ್ಣಿ ನನಗೆ ಕೊಡುವ ಮರ್ಯಾದೆ

ಮೇ 9, ಮಧ್ಯಾಹ್ನ

ಮತ್ತೆ ಮರಳು ಗುಡಿಸಿದೆ. ಗುಡಿಸಿದಷ್ಟೂ ಬರುತ್ತದೆ — ಹಾಸಿಗೆಯಲ್ಲಿ, ಟವೆಲ್ಲಿನಲ್ಲಿ, ಗುಂಡನ ಕಿವಿಯಲ್ಲಿ. ಆ ಗುಂಡ, ನನ್ನ ಸುಪುತ್ರ, ಬಕೆಟ್ ತುಂಬ ಏಡಿ ಹಿಡಿದು ತಂದು ಬಾತ್‌ರೂಮಿನಲ್ಲಿ ಬಿಟ್ಟಿದ್ದಾನೆ. ಗಂಡ ಎನ್ನುವ ಮಹಾಶಯರು ಎರಡು ತೆಂಗಿನಮರಗಳ ನಡುವೆ ಜೋಲಿಯಲ್ಲಿ ಗೊರಕೆ. ಆಸ್ಪತ್ರೆಯಲ್ಲಾದರೆ ಕಸ ಗುಡಿಸಲು ಆಯಾ ಇರುತ್ತಾಳೆ. ಇಲ್ಲಿ ನರ್ಸೂ ನಾನೇ, ಆಯಾನೂ ನಾನೇ. ಇದಕ್ಕೆ ರಜಾ ಎಂದು ಹೆಸರು.

ಮಗಳು ಚಿಣ್ಣಿ ಪಕ್ಕದ ರೂಮಿನಲ್ಲಿ, ಅಕ್ಕನ ಜೊತೆ. ಬಾಯ್ತುಂಬ ಅಕ್ಕ ಎನ್ನುತ್ತೇನೆ. ವಾರಗಿತ್ತಿ, ಅಷ್ಟೇ — ಇವರ ಅಣ್ಣನ ಹೆಂಡತಿ. ಅವರಿಗೆ ಮಕ್ಕಳಿಲ್ಲ. ಇರುವುದು ನಮ್ಮ ಮೇಲಿನ ಮನೆಯಲ್ಲಿ. ನನಗೆ ನೈಟ್ ಡ್ಯೂಟಿ ಶುರುವಾದಾಗಿನಿಂದ ಚಿಣ್ಣಿ ಮಲಗುವುದು ಅಲ್ಲೇ. ಈ ದ್ವೀಪಕ್ಕೆ ಬಂದ ಮೇಲೂ ಅಲ್ಲೇ. ಅಭ್ಯಾಸ ಅಲ್ವಾ, ಎಂದರು ಭಾವ.

ಬೆಳಿಗ್ಗೆ ಮಗಳಿಗೆ ಈಜುವ ಬಟ್ಟೆ ಹಾಕೋಣವೆಂದು ಸೂಟ್‌ಕೇಸ್ ತೆರೆದರೆ ಯಾವುದು ಎಲ್ಲಿದೆ ಗೊತ್ತಿಲ್ಲ. ತುಂಬಿದ್ದು ಅಕ್ಕ. ನಿಂಗೆ ಗೊತ್ತಾಗಲ್ಲ ಬಿಡು ಎಂದು ಕೈಯಿಂದ ತೆಗೆದುಕೊಂಡಳು. ನಾಲ್ಕು ವರ್ಷದ ನನ್ನ ಮಗಳ ಚಡ್ಡಿ ನನಗೆ ಗೊತ್ತಾಗುವುದಿಲ್ಲವಂತೆ! ಮೈಯೆಲ್ಲ ಉರಿದುಹೋಯಿತು.

ಮೇ 10

ಊಟದ ಹೊತ್ತಿಗೆ ಚಿಣ್ಣಿ ರಂಪ. ದೊಡ್ಡಮ್ಮನ ಮುಖಕ್ಕೇ ಅನ್ನ ಎರಚಿದಳು, ಜುಟ್ಟು ಹಿಡಿದು ಎಳೆದಳು. ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ತಟ್ಟೆ ನಾನು ತೆಗೆದುಕೊಂಡೆ. ತಕ್ಷಣ ಗಪ್‌ಚುಪ್. ಕೊಟ್ಟಷ್ಟೂ ತಿಂದಳು. ಸಾಕು, ಥ್ಯಾಂಕ್ಯೂ ಎಂದಳು. ಕೈ ತೊಳೆದುಕೊಂಡು ಬರಲಾ ಎಂದು ಕೇಳಿಯೇ ಎದ್ದಳು.

ನನ್ನ ಹತ್ತಿರ ಬಾಲ ಬಿಚ್ಚುವುದಿಲ್ಲ, ನೋಡಿ — ಎಲ್ಲರಿಗೂ ಕೇಳುವಂತೆ ಹೇಳಿದೆ. ಅಕ್ಕ ಕೂದಲಿನಿಂದ ಅನ್ನದ ಅಗುಳು ಬಿಡಿಸಿಕೊಳ್ಳುತ್ತಾ ನಕ್ಕಳು.

"ಹೊರಗಿನವರ ಹತ್ರ ಅವಳು ಯಾವಾಗ್ಲೂ ಹಾಗೇನೇ. ತುಂಬಾ ಒಳ್ಳೇ ಹುಡುಗಿ."

ಸಮುದ್ರ ಅಷ್ಟು ಹತ್ತಿರವಿದೆ. ತಳ್ಳಿಬಿಡೋಣ ಅನ್ನಿಸಿತು.

ಮೇ 12

ನಿನ್ನೆ ಬರೆಯಲಿಲ್ಲ.

ಭಾವನಿಗೆ ವರ್ಗವಾಗಿದೆ. ದೂರದ ಊರು. ಚಿಣ್ಣಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರಂತೆ. ಅಲ್ಲೇ ಸ್ಕೂಲು, ಅಲ್ಲೇ ವಾಸ. ಸೀಟೂ ಆಗಿದೆ. ನಿನ್ನೆ ಬೀಚಿನಲ್ಲಿ, ಕೊಡೆಯ ಕೆಳಗೆ, ಎಳನೀರು ಕೈಗೆ ಕೊಟ್ಟು ಹೇಳಿದರು. ಇವರಿಗೆ ಮೊದಲೇ ಗೊತ್ತಿತ್ತು — ಸ್ಟ್ರಾ ಕಚ್ಚಿಕೊಂಡು ಸಮುದ್ರ ನೋಡುತ್ತಾ ಕೂತರು. ಅದಕ್ಕೇ ಈ ಪ್ರವಾಸ. ನನಗೆ ಸಮುದ್ರ ತೋರಿಸಿ ಮಗುವನ್ನು ಎತ್ತಿಕೊಂಡು ಹೋಗುವುದು.

ನನ್ನ ಮಗಳನ್ನು ಕೊಡಲ್ಲ ಎಂದೆ. ಕೊಡೋದು ಅಂತ ಯಾಕಂತೀಯ ಎಂದು ಇವರು ಗೊಣಗಿದರು. ಅಕ್ಕ ದನಿ ಏರಿಸಲೇ ಇಲ್ಲ.

"ರಾತ್ರಿ ನೀನಿರಲ್ಲ. ಹಗಲು ಮಲಗಿರ್ತೀಯ. ಜ್ವರ ಬಂದಾಗ ಅವಳು ಯಾರನ್ನ ಕರೀತಾಳೆ, ನಿನ್ನ ಗಂಡನ್ನೇ ಕೇಳು."

ಕೇಳಲಿಲ್ಲ. ಗೊತ್ತು. ಊರಿನವರ ಮಕ್ಕಳ ಜ್ವರಕ್ಕೆಲ್ಲ ಬೆಳಗಿನವರೆಗೂ ಎದ್ದಿರುವವಳು ನಾನು. ಅವಳು ಹೇಳಿದ್ದು ನಿಜ — ಅದಕ್ಕೇ ಅವಳನ್ನು ಕಂಡರಾಗದು.

ಮೇ 13

ಚಿಣ್ಣಿಯನ್ನು ನನ್ನ ರೂಮಿಗೆ ಎತ್ತಿಕೊಂಡು ಬಂದೆ. ಯಾರನ್ನೂ ಕೇಳಲಿಲ್ಲ.

ಮಂಚದ ಅಂಚಿನಲ್ಲಿ, ಕೈ ಕಾಲು ನೆಟ್ಟಗಿಟ್ಟು ಮಲಗಿದಳು. ಆಪರೇಷನ್ನಿಗೆ ಕಾಯುವ ಪೇಷೆಂಟಿನ ಹಾಗೆ. ದೊಡ್ಡಮ್ಮನ ಹತ್ತಿರ ಹೋಗಲಾ, ಪ್ಲೀಸ್ ಎಂದಳು. ಬೇಡ ಎಂದೆ. ಸರಿ ಎಂದಳು. ಅಳಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು. ಗೋಡೆಯ ಕಡೆ ತಿರುಗಿ ನಾನೇ ಅತ್ತೆ.

ಅಕ್ಕನಿಗೂ ನನಗೂ ಮಾತಿಲ್ಲ. ಬೇರೆ ಬೇರೆ ಟೇಬಲ್ಲು. ಉಪ್ಪಿನ ಡಬ್ಬಿ ಆಚೆಯಿಂದ ಈಚೆಗೆ ತರಲು ಗುಂಡ. ಎರಡು ಕಡೆಯಿಂದಲೂ ಚಾಕೊಲೇಟ್ ಕೀಳುತ್ತಿದ್ದಾನೆ, ಕಳ್ಳ.

ಮೇ 14, ಸಂಜೆ

ದಡಕ್ಕೆ ಜೆಲ್ಲಿ ಫಿಶ್ ಬಂದು ಬಿದ್ದಿತ್ತು. ಸತ್ತಿದ್ದರೂ ಮುಟ್ಟಿದರೆ ಸುಡುತ್ತದೆ. ಚಿಣ್ಣಿ ಬೊಗಸೆಯೊಡ್ಡಿ ಬಗ್ಗಿದ್ದಳು. ಓಡಿಹೋಗಿ ಕೈಗೆ ಪಟ್ ಎಂದು ಬಿಟ್ಟೆ. ಈವರೆಗೂ ಹೊಡೆದವಳಲ್ಲ.

ಪಿಳಿಪಿಳಿ ನೋಡಿದಳು. ಆಮೇಲೆ ಶುರು. ನೆಲಕ್ಕೆ ಬಿದ್ದು ಹೊರಳಾಡಿದಳು, ಕಾಲು ಬಡಿದಳು, ಹಿಡಿಹಿಡಿ ಮರಳು ತೆಗೆದು ನನ್ನ ಕಣ್ಣಿಗೇ ಎರಚಿದಳು. ಎತ್ತಿಕೊಳ್ಳಲು ಹೋದರೆ ಮುಂಗೈ ಕಚ್ಚಿದಳು, ರಕ್ತ ಬರುವ ಹಾಗೆ. ನೀನು ಕೆಟ್ಟವಳು, ಕೋತಿ, ಕತ್ತೆ. ಥ್ಯಾಂಕ್ಯೂ ಇಲ್ಲ, ಪ್ಲೀಸ್ ಇಲ್ಲ. ಬೀಚಿಗೆ ಬೀಚೇ ನಿಂತು ನೋಡುತ್ತಿತ್ತು.

ಅಕ್ಕ ಚಪ್ಪಲಿ ಬಿಟ್ಟು ಓಡಿಬಂದಳು. ಕೈಚಾಚಿ, ಬಾ ಕಂದ ಎಂದಳು. ಚಿಣ್ಣಿ ಸರಕ್ಕನೆ ಅತ್ತ ತಿರುಗಿದಳು.

"ನೀನು ಹೋಗು ದೊಡ್ಡಮ್ಮ. ನಾನು ಅಮ್ಮನ ಹತ್ರ ಜಗಳ ಆಡ್ತಿದೀನಿ."

ಮತ್ತೆ ಈ ಕಡೆ ತಿರುಗಿ ಒದೆಯತೊಡಗಿದಳು. ಅಕ್ಕನ ಕೈ ಚಾಚಿದ್ದು ಚಾಚಿದಂತೇ ಉಳಿಯಿತು. ಆಮೇಲೆ ಮರಳಿನಲ್ಲಿ ಕುಸಿದು ಕೂತಳು. ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇನ್ನೊಂದು ಒದೆ ಬೀಳಲಿ ಎಂದು ಕಾಯುತ್ತಿದ್ದೆ.

ಮೇ 15, ಬೋಟಿಗೆ ಕಾಯುತ್ತಾ

ಭಾವನಿಗೆ ಹೇಳಿಯಾಯಿತು. ಚಿಣ್ಣಿಯನ್ನು ಕಳಿಸಲ್ಲ ಎಂದರೆ ಕಳಿಸಲ್ಲ. ಹೋದ ತಕ್ಷಣ ಮೇಟ್ರನ್ ಹತ್ತಿರ ಡೇ ಡ್ಯೂಟಿ ಕೇಳಬೇಕು. ಕೊಡದಿದ್ದರೆ ಕೆಲಸ ಬಿಡುವುದೇ. ಆಮೇಲೆ ಹೇಗೆ? ಗೊತ್ತಿಲ್ಲ. ಇವರು ಮುಖ ಕೊಟ್ಟು ಮಾತಾಡುತ್ತಿಲ್ಲ. ಬೇಡ, ಇರಲಿ ಹಾಗೇ. ಅಕ್ಕನ ಕಣ್ಣು ಊದಿಕೊಂಡಿದೆ. ನನ್ನದೂ.

ಚಿಣ್ಣಿ ನನ್ನ ಜೊತೆ ಟೂ ಬಿಟ್ಟಿದ್ದಾಳೆ. ಬೆನ್ನು ಹಾಕಿ ಕೂತಿದ್ದಾಳೆ. ಬಿಸ್ಕೆಟ್ ಕೊಟ್ಟರೆ ಬಿಸಾಕಿದಳು.

ಬೋಟು ಬಂತು. ಅಕ್ಕ ಕೈ ಹಿಡಿಯಲು ಹೋದರೆ ಚಿಣ್ಣಿ ಕೊಸರಿಕೊಂಡಳು. ಈಗ ನನ್ನ ಕಡೆ ತಿರುಗಿ ಉದ್ದಕ್ಕೆ ನಾಲಿಗೆ ಚಾಚುತ್ತಿದ್ದಾಳೆ. ಎಷ್ಟು ಕೊಬ್ಬು! ತಾಳು, ಬಂದೆ, ನಿನಗೆ ಈಗ —