ಡ್ಯಾನ್ಯೂಬ್ ತಪ್ಪಿಸಿದ ದಾರಿ

ಕದ್ವಾಡ, ಕಾರವಾರ ತಾಲೂಕು
೩ ಮೇ ೨೦೨೬, ರವಿವಾರ

ಪ್ರೀತಿಯ ಪಪ್ಪಾ,

ನಿನ್ನ ಕೈ ಹೇಗಿದೆ? ಬೇರೆ ಎಲ್ಲದಕ್ಕಿಂತ ಮೊದಲು ಅದನ್ನು ಹೇಳು. ಸೋಪಿನ ಪುಡಿಗೆ ಬೆರಳಸಂದಿ ಬಿರಿದು ರಕ್ತ ಬರುತ್ತದೆ ಎನ್ನುವುದು ನನಗೆ ರಾಮನಾಥ ಮಾಮನಿಂದ ಗೊತ್ತಾಗಬೇಕಾಯಿತು. ನೀನು ಫೋನಿನಲ್ಲಿ "ನಾ ಆರಾಮಿದ್ದೆ, ನೀವೆಲ್ಲ ಆರಾಮಾ?" ಎಂದು ಕೇಳಿ, ಉತ್ತರ ಬರುವುದರೊಳಗೆ ಇಟ್ಟೇಬಿಡುತ್ತೀಯ. ನಿದ್ದೆ ಬರುತ್ತದೆಯೇ? ಹಡಗಿನ ತಳದ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಈಗ ಸೆಕೆಯೋ ಚಳಿಯೋ? ದೇವಬಾಗದಲ್ಲಿ ಆಯಿ ಗಟ್ಟಿಯಾಗಿದ್ದಾಳೆ. ಬೆಳಿಗ್ಗೆ ಮೀನು ಒಣಹಾಕುವುದು, ದಿನವಿಡೀ ಕಾಗೆಗಳ ಜೊತೆ ಜಗಳವಾಡುವುದು, ಸಂಜೆ ಎರಡನ್ನೂ ಮುಗಿಸಿ ನನಗೆ ಫೋನು ಮಾಡಿ ಕಾಗೆಗಳ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸುವುದು. ಒಣ ಸಿಗಡಿಯನ್ನು ಚೀಲದೊಳಗೆ ಚೀಲ ಹಾಕಿ ಕಟ್ಟಿ ರಾಮನಾಥ ಮಾಮನ ಕೈಗೆ ಕೊಟ್ಟಿದ್ದಾಳೆ. "ಈ ವಾಸನೆಗೆ ವಿಮಾನದಿಂದ ನನ್ನನ್ನೇ ಇಳಿಸ್ತಾರೆ ಮಂಗಲಕ್ಕಾ" ಎಂದು ಅವನು ಗೋಗರೆದರೂ ಬಿಟ್ಟಿಲ್ಲ.

ಈ ಪತ್ರವೂ ಅವನ ಕೈಯಲ್ಲೇ ಬರುತ್ತದೆ. ಅವನು ನಿನ್ನದೇ ಹಡಗಿನ ಅಡುಗೆಮನೆಗೆ ಮರಳುತ್ತಿದ್ದಾನೆ, ನಾಡಿದ್ದು ನಿನ್ನ ಎದುರಿಗಿರುತ್ತಾನೆ. ಫೋನಿನಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ. ಇಲ್ಲಿ ನನ್ನ ಪಕ್ಕದಲ್ಲಿ ಅತ್ತೆ, ಅಲ್ಲಿ ನಿನ್ನ ಪಕ್ಕದಲ್ಲಿ ಇನ್ನಿಬ್ಬರು. ಹೇಳುವುದು ಬಹಳ ಇದೆ, ಒಳ್ಳೆಯದು ಕಡಿಮೆ. ಕೆಲಸ ಮುಗಿದ ಮೇಲೆ ಕುಳಿತು ಓದು.

ರೂಪೇಶ ಮತ್ತು ನಾನು ಜೂನಿನಲ್ಲಿ ಯುರೋಪಿಗೆ ಬರುತ್ತೇವೆ, ಬಾಡಿಗೆ ಕಾರು ಹಿಡಿದು ನಾಲ್ಕು ದೇಶ ಸುತ್ತುತ್ತೇವೆ ಎಂದು ನಿನಗೆ ಫೆಬ್ರುವರಿಯಲ್ಲೇ ಹೇಳಿದ್ದೆ. ನೀನು "ಬನ್ನಿ ಬನ್ನಿ" ಎಂದು ನಕ್ಕಿದ್ದೆ. ಇಂಥ ತಿರುಗಾಟದ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತೇ ಇದೆ. ನನ್ನ ಮಂಚದ ಕೆಳಗಿನ ಪುಸ್ತಿಕೆಗಳ ಗಂಟನ್ನು ನೀನು "ವಿನುತಾಳ ಬಂದೂಕು" ಎಂದು ಕರೆಯುತ್ತಿದ್ದೆಯಲ್ಲ, ಆ ಗಂಟು ಈಗ ಕದ್ವಾಡದಲ್ಲಿದೆ, ಇನ್ನಷ್ಟು ದಪ್ಪವಾಗಿದೆ. ಒಬ್ಬರ ಬೆವರನ್ನು ಇನ್ನೊಬ್ಬರು ನೋಟವೆಂದು ಕೊಳ್ಳುವುದೇ ಪ್ರವಾಸೋದ್ಯಮ ಎಂದು ಅದರಲ್ಲೊಂದು ಪುಸ್ತಿಕೆ ಹೇಳುತ್ತದೆ. ಅದನ್ನು ಓದುವ ಅಗತ್ಯವೂ ನನಗಿರಲಿಲ್ಲ. ದೇವಬಾಗದ ರೆಸಾರ್ಟಿಗೆ ಬಂದವರು ಆಯಿ ಮೀನು ತಿರುವಿಹಾಕುವಾಗ ಎದುರು ಕುಕ್ಕರುಗಾಲಲ್ಲಿ ಕುಳಿತು ಫೋಟೋ ಹೊಡೆದು, ಅವಳ ಹೆಸರನ್ನೂ ಕೇಳದೆ, ಮೂಗು ಮುಚ್ಚಿಕೊಂಡು ಎದ್ದುಹೋಗುವುದನ್ನು ನೋಡುತ್ತಲೇ ಬೆಳೆದೆ. ಆದರೂ ನಾನು ಹೂಂ ಅಂದದ್ದಕ್ಕೆ ಒಂದೇ ಕಾರಣ, ಆ ದಾರಿಯಲ್ಲಿ ನೀನಿದ್ದೆ. ನೀನು ನನ್ನ ಮದುವೆಗೆ ಬರಲಿಲ್ಲ, ಬಿಡಲಿಲ್ಲ ಹಡಗಿನವರು. ಚಳಿಗಾಲದಲ್ಲಿ ಎಲ್ಲರೂ ಊರಿಗೆ ಬಂದಾಗಲೂ ಕಟ್ಟಿನಿಲ್ಲಿಸಿದ ಹಡಗಿನ ಪರದೆ, ಕಂಬಳಿ ಒಗೆಯಲು ನಿನ್ನನ್ನೇ ಉಳಿಸಿಕೊಂಡರು. ನನ್ನ ಗಂಡನನ್ನು ನೀನು ಇನ್ನೂ ಫೋನಿನ ಗಾಜಿನಲ್ಲಷ್ಟೇ ಕಂಡಿದ್ದೀಯ.

ಜೂನ್ ತಿಂಗಳನ್ನು ಗೊತ್ತುಮಾಡಿದವಳು ಆಯಿ. "ಜೂನಲ್ಲಿ ಬೋಟೆಲ್ಲ ದಡಕ್ಕೆ ಹತ್ತೂದು ಅಲಾ? ಮೀನು ಮೊಟ್ಟೆ ಇಡೂದು ಎಲ್ಲಾ ಕಡೆಗೂ ಒಂದೇ. ಆವಾಗ ನಿನ್ನ ಪಪ್ಪಾ ಸುಮ್ಮನೆ ಬಲೆ ಹೊಲೀತಾ ಕುಂತಿರ್ತಾನೆ, ಆವಾಗ್ಲೇ ಹೋಗಿ" ಎಂದಳು. ನಗಬೇಡ. ನನಗೂ ಅದು ತಪ್ಪೆಂದು ಹೊಳೆಯಲಿಲ್ಲ. ಮದುವೆ, ಮನೆ ರಿಪೇರಿ, ಹಲ್ಲು ಕೀಳಿಸುವುದು, ನಮ್ಮ ಕೇರಿಯಲ್ಲಿ ಯಾವುದನ್ನು ನಾವು ಮಳೆಗಾಲದಲ್ಲಿ ಮೀನುಗಾರಿಕೆ ನಿಂತ ಎರಡು ತಿಂಗಳಿಗೆ ಇಟ್ಟುಕೊಂಡಿಲ್ಲ? ಜಗತ್ತಿನ ನೀರೆಲ್ಲ ಜೂನ್ ಒಂದಕ್ಕೆ ಖಾಲಿಯಾಗುತ್ತದೆ ಎಂದೇ ನಾನೂ ನಂಬಿದ್ದೆ. ರೂಪೇಶ ಕೈಗಾದಲ್ಲಿ ಜೂನಿಗೇ ರಜೆ ಬರೆದುಕೊಟ್ಟ. ವಿಮಾನದ ಟಿಕೆಟ್ಟೂ ಆಯಿತು. ಆಮೇಲೆ ಊರಿಗೆ ಬಂದ ರಾಮನಾಥ ಮಾಮ ಹೊಟ್ಟೆ ಹಿಡಿದು ನಕ್ಕ. "ಜೂನಾ? ಆವಾಗ ನಮಗೆ ಮೂಗು ಒರೆಸಿಕೊಳ್ಳೂದಕ್ಕೂ ಪುರಸೊತ್ತಿಲ್ಲ ಮಗಾ. ಹಡಗು ತುಂಬಾ ಜನ. ಊರಿಗೆ ತಾಗಿ ನಿಂತಾಗ ಅರ್ಧ ತಾಸು ಸಿಕ್ಕರೆ ನಿನ್ನ ಪಪ್ಪನ ಪುಣ್ಯ."

ಅರ್ಧ ತಾಸಾದರೆ ಅರ್ಧ ತಾಸು ಎಂದು ನಾವಿಬ್ಬರೂ ಕುಳಿತು ದಾರಿಯನ್ನು ನಿನ್ನ ಹಡಗು ಓಡುವ ಡ್ಯಾನ್ಯೂಬ್ ನದಿಯ ಬದಿಗೇ ಎಳೆದೆವು. ಪಸ್ಸಾವ್, ಲಿಂಜ್, ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್. ಎಲ್ಲಾದರೂ ಒಂದು ಕಡೆ ನಿನ್ನ ಹಡಗು ಸಿಗಲೇಬೇಕಿತ್ತು. ಆಗ ರೂಪೇಶನ ಉತ್ಸಾಹ ನೋಡಬೇಕಿತ್ತು ನೀನು. ಅಲ್ಲಿ ರಸ್ತೆಯ ಬಲಬದಿಗೆ ಓಡಿಸಬೇಕಂತೆ, ಸ್ಟಿಯರಿಂಗ್ ಎಡಕ್ಕಂತೆ. ಕೈಗಾ ಬಸ್ಸಿನಿಂದ ಇಳಿದವನೇ ಅಂಗಳದಲ್ಲಿ ನಿಂತ ನಮ್ಮ ಕಾರಿನ ಎಡಗಡೆ ಸೀಟಿನಲ್ಲಿ ಕುಳಿತು, ಅನ್ನದ ಪಾತ್ರೆಯ ಮುಚ್ಚಳ ಹಿಡಿದು ತಿರುಗಿಸುತ್ತಿದ್ದ. "ದೇಶದಿಂದ ದೇಶಕ್ಕೆ ಗೇಟೇ ಇಲ್ಲ ಮಾರಾಯ್ತಿ, ಸೀದಾ ಹೋಗ್ತಾ ಇರೂದು" ಎನ್ನುತ್ತಿದ್ದ. ನಮ್ಮ ಬೋಟು ಮಾಜಾಳಿ ದಾಟಿ ಗೋವೆಯ ನೀರಿಗೆ ಒಂದು ಮಾರು ಹೋದರೆ ಹಿಡಿದು ಕಟ್ಟಿಹಾಕುತ್ತಾರೆ, ಗೇಟಿಲ್ಲದಿರುವುದು ದುಡ್ಡಿದ್ದವರಿಗೆ ಮಾತ್ರ ಎಂದೆ. "ನಿನಗೆ ಖುಷಿಪಡೂದಕ್ಕೂ ಒಂದು ಪುಸ್ತಿಕೆ ಬೇಕು" ಎಂದು ಅವನು ಮುಚ್ಚಳದಲ್ಲೇ ಹಾರ್ನ್ ಹೊಡೆದ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಅವನ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಹೋದ ರವಿವಾರ ಅಂಕೋಲೆಗೆ ಹೋದೆವು. ರೂಪೇಶನ ತಂಗಿ ನಿಶಾಳ ಮಗುವಿನ ಹುಟ್ಟುಹಬ್ಬ. ನಿಶಾ ಕಳೆದ ವರ್ಷ ಗಂಡನ ಜೊತೆ ಯುರೋಪಿಗೆ ಹೋಗಿಬಂದವಳು. ಯಾವ ಸೇತುವೆಯ ಮೇಲೆ ಯಾವ ಬಣ್ಣದ ಸೀರೆ ಉಟ್ಟರೆ ಚೆಂದ, ಗಂಡ ಹೆಂಡತಿ ಇಬ್ಬರೂ ಬೆನ್ನು ತೋರಿಸಿ ಎಲ್ಲಿ ನಿಲ್ಲಬೇಕು, ಹಿಮದಲ್ಲಿ ಹೇಗೆ ಬಿದ್ದಂತೆ ಮಾಡಬೇಕು, ಎಲ್ಲವನ್ನೂ ಹೇಳಿಕೊಟ್ಟಳು. ಅಲ್ಲಿಯ ಒಬ್ಬ ಮನುಷ್ಯನ ಮಾತೂ ಅವಳ ಬಾಯಿಂದ ಬರಲಿಲ್ಲ. ಆ ಊರುಗಳಲ್ಲಿ ಮನುಷ್ಯರಿಲ್ಲವೇನೋ, ಬರೀ ಗೋಡೆಗಳೇನೋ ಅನ್ನಿಸಿತು. ಊಟಕ್ಕೆ ಕುಳಿತಾಗ ಪಕ್ಕದ ಮನೆಯ ಹೀರಾ ಎಂಬ ಹೆಂಗಸು ಇಶಾಡ ಮಾವಿನ ಓಟೆ ಚೀಪುತ್ತಾ ನನ್ನ ಕಡೆ ತಿರುಗಿದಳು. "ನಿಮ್ಮ ಪಪ್ಪಾ ಅಲ್ಲೇ ಹಡಗಲ್ಲಿ ದೊಡ್ಡ ಆಫೀಸರಂತೆ ಅಲಾ? ಹಂಗಾದ್ರೆ ಮಗಳು ಅಳಿಯನಿಗೆ ಮೇಲಿನ ರೂಮು ಫ್ರೀ ಬಿಡಿ!" ನಾನು ಬಾಯಿ ತೆರೆಯುವುದರೊಳಗೆ ದುರ್ಗಾ ಅತ್ತೆಯೇ ಉತ್ತರ ಕೊಟ್ಟರು. "ಅವರಿಗೆ ರಜೆನೇ ಸಿಗೂದಿಲ್ಲ ಮಾರಾಯ್ತಿ. ಅಷ್ಟು ಜನ ಕೈಕೆಳಗೆ. ಮದುವೆಗೂ ಬರಲಿಕ್ಕೆ ಆಗಲಿಲ್ಲ ನೋಡಿ."

ಪಪ್ಪಾ, ಒಂದು ವರ್ಷದಿಂದ ಅಂಕೋಲೆಯಿಂದ ಕದ್ವಾಡದವರೆಗೆ ನಿನಗೆ ಟೋಪಿ, ಬಿಳಿ ಅಂಗಿ, ಹಿತ್ತಾಳೆ ಗುಂಡಿ ಹಾಕಿ ನಿಲ್ಲಿಸಿದ್ದಾರೆ. ಸೊಸೆ ಮೀನುಗಾರರ ಮನೆಯವಳು ಎನ್ನುವುದನ್ನು ಹೇಗೋ ನುಂಗಿಕೊಂಡರು, ಅವಳ ಅಪ್ಪ ಒಗೆಯುವವನು ಎನ್ನುವುದು ಗಂಟಲಲ್ಲಿ ಇಳಿಯಲಿಲ್ಲ. ನನಗೆ ತಟ್ಟೆಯಲ್ಲಿದ್ದ ಅನ್ನದ ಮೇಲೇ ಅಸಹ್ಯ ಹುಟ್ಟಿತು. "ಆಫೀಸರಲ್ಲ, ಲಾಂಡ್ರಿಯಲ್ಲಿದ್ದಾನೆ. ಹಡಗಿನ ಜನ ಮಲಗಿದ ಚಾದರ ಒಗೀತಾನೆ" ಎಂದೆ. ಮೆಲ್ಲಗೇನೂ ಹೇಳಲಿಲ್ಲ. ಹೀರಾ ಓಟೆಯನ್ನು ಬಾಯಲ್ಲೇ ಇಟ್ಟುಕೊಂಡು ಅತ್ತೆಯನ್ನು ನೋಡಿದಳು. ನಿಶಾ "ವೈನೀ, ಸಾರು ಹಾಕ್ಲಾ?" ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಸುರಿದುಬಿಟ್ಟಳು. ರೂಪೇಶ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದ. ಅವನ ತಟ್ಟೆಯಲ್ಲಿದ್ದದ್ದು ಮುಳ್ಳಿಲ್ಲದ ಸಿಗಡಿ.

ಮರಳಿ ಬರುವಾಗ ಅತ್ತೆ ಕಾರಿನಲ್ಲಿ ಕಿಟಕಿಯ ಕಡೆಗೆ ಮಾತನಾಡಿದರು. "ಫೋಟೋ ಎಲ್ಲಾ ನೆಂಟರ ಫೋನ್ ಗುಂಪಿಗೆ ಬರ್ತದೆ. ಹಡಗಿನ ಮುಂದೆ ನಿಂತ ಫೋಟೋನೂ ಬರ್ತದೆ. ನಮ್ಮ ಮುಖ ಎಲ್ಲಿಡೂದು?" ಎರಡು ದಿನ ಬಿಟ್ಟು ರೂಪೇಶ ಹೊಸ ದಾರಿ ತೋರಿಸಿದ. ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ. ನಿನ್ನ ನದಿ ಅದರಲ್ಲಿ ಒಂದು ಗೆರೆಯಷ್ಟೂ ಇರಲಿಲ್ಲ. ಏಕೆ ಎಂದರೆ ವಿಯೆನ್ನಾದಲ್ಲಿ ಪಾರ್ಕಿಂಗಿಗೆ ಬಹಳ ತ್ರಾಸಂತೆ! ಇಡೀ ಪ್ರವಾಸವನ್ನು ನಿನ್ನಿಂದ ಪಾರಾಗುವ ಹಾಗೆ ಜೋಡಿಸಿ, ಹೊಟೇಲಿನ ತಿಂಡಿ ಸಮೇತ ಗೊತ್ತುಮಾಡಿದ್ದ. ಇಷ್ಟು ಅಚ್ಚುಕಟ್ಟಾದ ಹೇಸಿಗೆಯನ್ನು ನಾನು ಎಲ್ಲೂ ಕಂಡಿಲ್ಲ. ಒಗೆದ ಬಟ್ಟೆ ಬೇಕು, ಒಗೆದವನು ಬೇಡ. ನಿಶಾ ಅಲ್ಲಿ ಮಲಗಿದ ಹಾಸಿಗೆಯ ಚಾದರವನ್ನೂ ನಿನ್ನ ಹಾಗೆಯೇ ಯಾರೋ ಇನ್ನೊಬ್ಬ ತುಳಸಿದಾಸ ಒಗೆದಿರಬೇಕಲ್ಲ? ಅವನ ಮಗಳೂ ಎಲ್ಲೋ ಒಂದು ಮನೆಯಲ್ಲಿ ಆಫೀಸರನ ಮಗಳಾಗಿ ಕುಳಿತಿರಬೇಕು.

ಜಗಳ ಮಾಡಿದೆ. ಎಂಥ ಜಗಳ ಎಂದು ನಿನಗೆ ಬರೆಯಬೇಕಾಗಿಲ್ಲ, ನನ್ನ ಗಂಟಲು ನಿನ್ನದೇ. ಹೇಡಿ ಅಂದೆ, ಅಮ್ಮನ ಸೆರಗಿನ ಗಂಟು ಅಂದೆ, "ನಿನ್ನ ಜೊತೆ ಕಾರವಾರದ ಮೀನು ಪೇಟೆಗೂ ಬರುವುದಿಲ್ಲ, ಯುರೋಪೆಲ್ಲಿಂದ ಬಂತು" ಅಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, "ದಾರಿ ಬದಲು ಮಾಡಿದ್ದು ನನ್ನ ಆಯಿ ಹೇಳಿದ್ದಕ್ಕಲ್ಲ, ನಿನ್ನ ಪಪ್ಪಾ ಹೇಳಿದ್ದಕ್ಕೆ" ಎಂದ.

ನಾನು ನಂಬಲಿಲ್ಲ. ಆಗ ಅವನು ನೀನು ಫೋನಿನಲ್ಲಿ ಅವನಿಗೆ ಆಡಿದ ಮಾತುಗಳನ್ನು ಇದ್ದ ಹಾಗೆಯೇ ಹೇಳಿದ. "ರೂಪೇಶಾ, ಬೇರೆ ಎಲ್ಲಿಗಾದ್ರೂ ಕರಕೊಂಡು ಹೋಗು, ನದಿ ಬದಿಗೆ ಬೇಡ. ನಾ ಕೆಲಸ ಮಾಡೂದು ಕಂಡ್ರೆ ಅವಳು ಸುಮ್ಮನಿರೂದಿಲ್ಲ. ಮ್ಯಾನೇಜರನ ಮುಂದೆ ನಿಂತು ಭಾಷಣ ಹೊಡೀತಾಳೆ. ಮುಂದಿನ ವರ್ಷ ನನ್ನ ಕರೆಯೂದಿಲ್ಲ ಅವರು." 'ಭಾಷಣ ಹೊಡೀತಾಳೆ' ಅನ್ನುವಾಗ ಅವನ ಬಾಯಲ್ಲಿ ನಿನ್ನ ಧ್ವನಿಯೇ ಬಂತು. ಆಮೇಲೆ ನಂಬಲೇಬೇಕಾಯಿತು.

ಹಾಗಾದರೆ ಕೇಳು. ಅತ್ತೆಯ ಸುಳ್ಳು ನನಗೆ ಅಸಹ್ಯ, ರೂಪೇಶನ ಮೌನ ಅದಕ್ಕಿಂತ ಅಸಹ್ಯ, ಆದರೆ ನೀನು ನನ್ನ ಬೆನ್ನ ಹಿಂದೆ ನನ್ನ ಗಂಡನ ಜೊತೆ ಮಾಡಿಕೊಂಡ ಈ ಗುಟ್ಟಿನ ಏರ್ಪಾಡು ಎಲ್ಲಕ್ಕಿಂತ ಹೆಚ್ಚು. ಗಾಳಿ ಎದ್ದ ದಿನ ಬೈತಕೋಲ ಬಂದರಿನಲ್ಲಿ ಮಾಲಕ ಬೋಟು ಬಿಡು ಎಂದು ಕುಣಿದಾಗ, "ನೀನೇ ಹತ್ತು, ನಾ ದಡದಲ್ಲಿ ನಿಂತು ನೋಡ್ತೆ" ಎಂದವನು ಯಾರು? ನಾನು ಆಯಿಯ ಸೊಂಟದ ಮೇಲಿದ್ದೆ, ಆದರೂ ನೆನಪಿದೆ. ಆಮೇಲೆ ಯಾವ ಮಾಲಕನೂ ನಿನಗೆ ಬೋಟು ಕೊಡಲಿಲ್ಲ, ಅದೂ ನೆನಪಿದೆ. ಪುಸ್ತಿಕೆಗಳನ್ನು ಓದುವ ಎಷ್ಟೋ ಮೊದಲೇ ನಾನು ಮಾತು ಕಲಿತದ್ದು ನಿನ್ನಿಂದ. ಈಗ ನೀನೇ ನನ್ನ ಮಾತಿಗೆ ಹೆದರಿ ನಾಲ್ಕು ದೇಶದ ದಾರಿ ತಿರುಗಿಸುತ್ತೀಯಾ? ಮಗಳ ಮುಖ ನೋಡುವುದಕ್ಕಿಂತ ಮ್ಯಾನೇಜರನ ಮುಖ ದೊಡ್ಡದಾಯಿತೇ? ನಾನು ಬಂದರೆ ಕಂಡದ್ದನ್ನು ಕಂಡೆ ಅನ್ನುತ್ತೇನೆ. ಬಾಯಿ ಮುಚ್ಚಿಕೊಂಡು ಬಾ ಎಂದು ಮಾತ್ರ ನನ್ನನ್ನು ಕೇಳಬೇಡ, ಅಂಥ ಮಾತನ್ನು ನಾನು ಯಾರಿಗೂ ಕೊಟ್ಟಿಲ್ಲ.

ಬೆಂಗಳೂರಿನ ವೀಸಾ ಕೇಂದ್ರದಲ್ಲಿ ನಮ್ಮ ಸರದಿ ಇರುವುದು ಗುರುವಾರ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೇವೆಂದು ಆವತ್ತು ಹೇಳಬೇಕು, ಆಮೇಲೆ ದಾರಿ ತಿರುಗಿಸಲಾಗುವುದಿಲ್ಲ. ಪ್ಯಾರಿಸ್ಸಿನ ದಾರಿಗೆ ನಾನು ಸಹಿ ಹಾಕುವುದಿಲ್ಲ ಎಂದು ರೂಪೇಶನಿಗೆ ಹೇಳಿದ್ದೇನೆ. ಅವನು ಮೂರು ದಿನದಿಂದ ಎಡಗಡೆ ಸೀಟಿನಲ್ಲಿ ಕೂರುತ್ತಿಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಏನಾದರೂ ಹೇಳಬೇಕಾದರೆ ಬೆಕ್ಕಿಗೆ ಹೇಳುತ್ತಾರೆ. ಆಯಿಗೆ ಇದ್ಯಾವುದೂ ತಿಳಿಯದು, ನೀನೂ ತಿಳಿಸಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಯಿಯ ಒಣ ಸಿಗಡಿಯನ್ನು ಎಲ್ಲರಿಗೂ ಹಂಚಿ ನೀನು ಬರಿಗೈಯಾಗಬೇಡ. ದೇವಬಾಗದವರೆಲ್ಲ ನಿನ್ನನ್ನು ಕೇಳುತ್ತಾರೆ. ಸಿಟ್ಟಿನಲ್ಲಿ ಬರೆದದ್ದಕ್ಕೆ ಕ್ಷಮೆ ಕೇಳುವುದಿಲ್ಲ, ಆದರೆ ನಿನ್ನ ಕಾಲು ಮುಟ್ಟಿದ್ದೇನೆ ಎಂದು ತಿಳಿದುಕೋ.

ನಿನ್ನ ಮಗಳು,
ವಿನುತಾ

ತಾ.ಕ.: ರಾಮನಾಥ ಮಾಮ ಅಂಗಳಕ್ಕೆ ಬಂದಿದ್ದಾನೆ, ರೈಲಿಗೆ ಹೊತ್ತಾಯಿತು ಎಂದು ರಿಕ್ಷಾದವನು ಕೂಗುತ್ತಿದ್ದಾನೆ. ಬರೆದದ್ದನ್ನು ಈಗ ಒಮ್ಮೆ ಓದಿದೆ, ಯಾವ ಮಾಲಕನೂ ನಿನಗೆ ಬೋಟು ಕೊಡಲಿಲ್ಲ ಎಂದ ಸಾಲಿಗೆ ಬಂದು ನಿಂತೆ. ಪಪ್ಪಾ, ನಾನು ಮಾತಾಡುವುದಿಲ್ಲ. ಮ್ಯಾನೇಜರನಿಗೂ ಇಲ್ಲ, ಬೇರೆ ಯಾರಿಗೂ ಇಲ್ಲ. ಅವರು ನನ್ನ ಎದುರಿಗೇ ನಿನ್ನನ್ನು ಗದರಿಸಿದರೂ ನಾನು ದಡದಲ್ಲಿ ನಿಂತ ಯಾರೋ ಒಬ್ಬಳ ಹಾಗೆ ನಿಂತಿರುತ್ತೇನೆ, ಮಾತು ಕೊಟ್ಟೆ. ರೂಪೇಶ ಕಾರು ಓಡಿಸದಿದ್ದರೆ ಅಲ್ಲಿಯ ರೈಲಿನಲ್ಲಿ ಬರುತ್ತೇನೆ. ಜೂನ್ ಎರಡನೇ ವಾರ ನಿನ್ನ ಹಡಗು ಯಾವ ಊರಲ್ಲಿ ನಿಲ್ಲುತ್ತದೆ? ಬುಧವಾರದೊಳಗೆ ಹೇಳು. ಅವನಿಗಲ್ಲ, ನನಗೆ.