ಜನಿವಾರದ ಕೀಲಿಕೈ

ಜನವರಿ ೩, ೧೯೪೭. ಶುಕ್ರವಾರ, ಮಧ್ಯಾಹ್ನ

ನೀರು ಎರಡನೆಯ ಸಲ ಕುದಿಯುತ್ತಿದೆ. ಆರಬೇಕು, ಸೋಸಬೇಕು, ಆಮೇಲೆ ಕೂಸು ನೀರಜಾಳ ಬಾಟಲಿ. ಇದ್ದಲಿ ಮುಗಿಯುತ್ತ ಬಂತು. ಕಣ್ಣು ಉರಿ. ನಿನ್ನೆಯೂ ನಿದ್ದೆಯಿಲ್ಲ. ಅವಳ ಉಸಿರು ಕೇಳುತ್ತ ಅಡ್ಡಾಗಿದ್ದೆ, ಅಷ್ಟೇ.

ಇಷ್ಟು ದೊಡ್ಡ ವಾಡೆಗೆ ನಳ ಒಂದು. ಅದಕ್ಕೊಂದು ಕೀಲಿ. ಕೀಲಿಕೈ ಮಾಲಕರ ಜನಿವಾರದಲ್ಲಿ. ಮಾರ್ತಾಂಡರಾಯರು ಸಂಧ್ಯಾವಂದನೆ ಮುಗಿಸಿ ಬಂದು, ಬಗ್ಗಿ, ಜನಿವಾರ ಎಳೆದು ಕೀಲಿ ತೆಗೆಯುತ್ತಾರೆ. ಕೊಡಗಳ ಸಾಲು ಅರ್ಧ ಕರಗುವುದರೊಳಗೆ ಮತ್ತೆ ಕೀಲಿ. ಉಳಿದ ಬಿಡಾರದವರಿಗೆ ಅಂಗಳದ ಕಲ್ಲಿನ ಟಾಕಿ, ನೀರಿನ ತೊಟ್ಟಿ. ಅದರಲ್ಲಿ ಪಾಚಿ, ಹುಳ. ಶ್ರಾವಣದಲ್ಲಿ ಆ ನೀರು ಕುಡಿದೇ ಪಕ್ಕದ ಉಮಾವತಿಯ ಸುಂದರ ಹೋದ. ವಾಂತಿಭೇದಿ. ಬೆಳಿಗ್ಗೆ ಆಡುತ್ತಿದ್ದ ಕೂಸು, ದೀಪ ಹಚ್ಚುವ ಹೊತ್ತಿಗೆ ಇರಲಿಲ್ಲ.

ಸಮಾಧಾನ ಹೇಳಲು ಬಂದ ಮಾಲಕರು ಹೊಸ್ತಿಲ ಆಚೆ ನಿಂತು "ದೈವೇಚ್ಛಾ" ಅಂದರು. ನಡುವೆ ದೈವ ಯಾಕೆ ಬಂತು? ಕೀಲಿಕೈ ದೈವದ ಜನಿವಾರದಲ್ಲಿತ್ತೇ?

ಇವರು ಆಫೀಸಿನಿಂದ ಕಾಗದದ ಕಟ್ಟು ತಂದಿದ್ದಾರೆ. ಪುಣೆಯ ಮುನಸಿಪಾಲಿಟಿ ಹೋಗಿ ಕಾರ್ಪೊರೇಶನ್ ಆಗಬೇಕಂತೆ. ಊರಿಗೆ ಹೊಸ ಸನದು, ಆಡಳಿತದ ಕಾಯಿದೆಪತ್ರ. ಅದರ ಸುಧಾರಣೆಗಳನ್ನು ಬರೆಯಲು ಒಂದು ಕಮಿಟಿ. ಇವರು ಅದರ ಕಾರಕೂನ. ಅಧ್ಯಕ್ಷರು — ಮತ್ತೆ ಯಾರು, ನಮ್ಮ ಮಾಲಕರೇ.

ಇವರು ಉಣ್ಣುವಾಗ ಓದಿದೆ. ಮೇಯರು ಎಲ್ಲಿ ಕೂಡಬೇಕು, ಯಾವ ಗೌನು ತೊಡಬೇಕು… ಪುಟಗಟ್ಟಲೆ. ನೀರಿಗೆ ನಾಲ್ಕು ಸಾಲು. ನಳ ಬೇಡುವ ಹಕ್ಕು ಮನೆಯ ಮಾಲಕನಿಗೆ ಮಾತ್ರ. ಒಳಗೆ ನೀರು ಹಂಚುವುದು ಅವನ ಇಚ್ಛೆ.

ಇಚ್ಛೆ! ಬಾಡಿಗೆದಾರ ಎಂಬ ಶಬ್ದವೇ ಇಲ್ಲ ಇಡೀ ಕಟ್ಟಿನಲ್ಲಿ.

ಜನವರಿ ೫. ರವಿವಾರ

ಊಟಕ್ಕೆ ಕೂತಾಗ ಕೇಳಿದೆ.

"ಇದಕ್ಕ ತಕರಾರು ಅರ್ಜಿ ಹಾಕಬಹುದಲ್ರಿ?"

"ಹಾಕಬಹುದು. ಪ್ರಕಟಣೆ ಕೊಟ್ಟೇವಿ. ಈ ತಿಂಗಳ ಕಡೀತನಕ ಮುದ್ದತ್ ಅದ."

"ಹೆಂಗಸರು?"

"ಹೆಂಗಸರೂ ಹಾಕಬಹುದು. ತನ್ನ ಹೆಸರು, ಗಂಡನ ಹೆಸರು, ಮನೀ ನಂಬರು. ಆದರ ಯಾರು ಹಾಕತಾರ ಬಿಡು."

"ನಾ ಹಾಕತೀನಿ. ಬಾಡಿಗಿ ಮನ್ಯಾಗ ಇರೋರೂ ತಮ್ಮ ನಳ ತಾವು ಬೇಡಬೇಕು. ಅಷ್ಟ ನನ್ನ ಮಾತು."

ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. "ಹಾಕು. ನನ್ನ ಹೆಸರು ಮಾತ್ರ ಬ್ಯಾಡ. ಈ ನೌಕರಿ ಯಾರು ಕೊಡಿಸ್ಯಾರ ಮರತಿ ಏನು? ಈ ಖೋಲಿ ಯಾರು ಕೊಟ್ಟಾರ?"

ಮರೆತಿಲ್ಲ. ಮಾಲಕರದು ಮೂರು ತಲೆಮಾರಿನ ಹಿಂದೆ ಬೆಳಗಾವಿಯಿಂದ ಬಂದ ಮನೆತನ. ನಮ್ಮ ಕಡೆಯವರಿಗೇ ಖೋಲಿ ಕೊಡುತ್ತಾರೆ, ನಮ್ಮ ಕಡೆಯವರಿಗೇ ನೌಕರಿ ಹಚ್ಚುತ್ತಾರೆ. ಆಮೇಲೆ ನಮ್ಮ ಕಡೆಯವರು ಬಾಯಿ ಮುಚ್ಚಿಕೊಂಡು ಟಾಕಿಯ ನೀರು ಕುಡಿಯಬೇಕು. 

ಕಾಲೇಜಿನಲ್ಲಿ ನಾಗರಿಕರ ಕರ್ತವ್ಯಗಳ ಮೇಲೆ ಪ್ರಬಂಧ ಬರೆದಿದ್ದೆ. ಧಾರವಾಡದಲ್ಲಿ. ಪ್ರೊಫೆಸರು ಕ್ಲಾಸಿನಲ್ಲಿ ಓದಿ ತೋರಿಸಿದ್ದರು. ಅಲ್ಲಿ ಯಾರೂ ಗಂಡನ ಹೆಸರು ಕೇಳಿರಲಿಲ್ಲ.

ಜನವರಿ ೮. ಬುಧವಾರ

ಕಾಗದ ಹಿಡಿದು ಬಿಡಾರ ಬಿಡಾರ ತಿರುಗಿದೆ. ನೀರಜಾ ಸೊಂಟದ ಮೇಲೆ. ನೀರಿನ ಮಾತೆತ್ತಿದರೆ ಎಲ್ಲರೂ ಹೂಂ ಅನ್ನುವವರೇ. ಸಹಿ ಬಂದವರು ಸಹಿ, ಬಾರದವರು ಹೆಬ್ಬೆಟ್ಟು. ಆಮೇಲೆ ಕೇಳಿದೆ — "ಯಜಮಾನರ ಹೆಸರು?"

ಎದುರು ಖೋಲಿಯ ಇಂದೂ ಸೆರಗು ಬಾಯಿಗೆ ಒತ್ತಿಕೊಂಡಳು. ಮೊನ್ನೆ ಮೊನ್ನೆ ಮದುವೆಯಾದವಳು.

"ಅಯ್ಯ, ಅದನ್ಹ್ಯಾಂಗ ಬಾಯಿಲೆ ಹೇಳೂದ್ರಿ ಅಕ್ಕಾ!"

"ಮತ್ತೇನಂತ ಬರೀಲಿ?"

"ವಾಡೇದಾಗ ಎಲ್ಲಾರೂ ಪೋಸ್ಟಿನ ಅಣ್ಣಾ ಅಂತಾರಲ್ರಿ. ಹಂಗ ಬರಕೋರಿ."

ಬರೆದೆ. ಇನ್ನೇನು ಮಾಡಲಿ, ನನಗೂ ಬೇರೆ ಹೆಸರು ಗೊತ್ತಿಲ್ಲ. ಉಮಾವತಿಯ ಗಂಡನದು ಲಕ್ಷ್ಮೀರೋಡಿನ ಆಚೆ ಖಾನಾವಳಿ. ಅವರು "ಖಾನಾವಳಿ ಮಾಮ". ಹೀಗೇ ನಾನಾ, ಅಪ್ಪಾ, ತಾತ್ಯಾ. ಕಾಗದ ತುಂಬಿತು.

ನನ್ನ ಸಾಲಿನಲ್ಲಿ ಮಾತ್ರ ಜಾಗ ಖಾಲಿ. ಇವರು ಬೇಡ ಅಂದದ್ದಕ್ಕೆ, ಎಂದು ಹೇಳಿಕೊಂಡೆ. ಪೂರಾ ನಿಜವಲ್ಲ. ಯಾರೂ ಓದದ ಈ ದಿನಚರಿಯಲ್ಲೂ "ಇವರು" ಅಂತಲೇ ಬರೆಯುತ್ತೇನೆ. ಕೈ ಬರುವುದಿಲ್ಲ. ಬಿ.ಎ. ಅಂತೆ.

ಜನವರಿ ೧೩. ಸೋಮವಾರ

ಅರ್ಜಿ ತಿರುಗಿ ಬಂತು. ನೀಲಿ ಪೆನ್ಸಿಲಿನಲ್ಲಿ ಅಡ್ಡ ಗೀಟು. "ಇದರಲ್ಲಿ ಹೆಸರಿಸಿದ ಗಂಡಂದಿರು ಸದರಿ ಮನೆಯ ಪಟ್ಟಿಯಲ್ಲಿ ಇರುವುದಿಲ್ಲ. ಕಾಲ್ಪನಿಕ ವ್ಯಕ್ತಿಗಳು."

ಉಮಾವತಿ ಸತ್ತ ಮಗನಿಗಾಗಿ ಹೆಬ್ಬೆಟ್ಟು ಒತ್ತಿದ್ದಳು. ಕಾಲ್ಪನಿಕ!

ಅಧ್ಯಕ್ಷರು ಸಭೆಯಲ್ಲಿ ದೊಡ್ಡದಾಗಿ ಓದಿದರಂತೆ, "ಖಾನಾವಳಿ ಮಾಮ, ಪೋಸ್ಟಿನ ಅಣ್ಣಾ" ಅಂತ. ಉಳಿದ ಸದಸ್ಯರಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದರಂತೆ. ಚಹಾ ಚೆಲ್ಲುವಷ್ಟು ನಗು. ಹೇಳುವಾಗ ಇವರಿಗೂ ತುಟಿ ಬಿರಿಯಿತು. ನೀಲಿ ಗೀಟಿಗಿಂತ ಆ ತುಟಿ ನೋಡಿ ಹೆಚ್ಚು ಉರಿಯಿತು.

"ಹೋಗಲಿ ಬಿಡು, ಪ್ರಯತ್ನ ಮಾಡಿದಿ" ಅಂದರು.

ಪಾತ್ರೆ ತೊಳೆಯುವ ನೆಪ ಮಾಡಿ ಎದ್ದೆ. ಎರಡು ಬಟ್ಟಲು ನೆಗ್ಗಿವೆ.

ಜನವರಿ ೧೪. ಮಂಗಳವಾರ. ಸಂಕ್ರಾಂತಿ

ಇವತ್ತು ಎಳ್ಳುಬೆಲ್ಲ ಕೊಟ್ಟು ಸಿಹಿ ಮಾತಾಡುವ ದಿನ. ಮಾರ್ತಾಂಡರಾಯರು ಅಂಗಳದಲ್ಲಿ ಬೆಳ್ಳಿ ಬಟ್ಟಲು ಹಿಡಿದು ನಿಂತಿದ್ದರು.

"ಬಾ ತಂಗಿ, ಎಳ್ಳು ತಗೋ. ಸಿಟ್ಟು ಇದ್ದರ ಇವತ್ತ ನುಂಗಿಬಿಡು. ನಿಮ್ಮ ಖಾನಾವಳಿ ಮಾಮಗೂ ಒಂದ ಮುಟಗಿ ಒಯ್ಯಿ."

ಸುತ್ತ ಗಂಡಸರು. ಎಲ್ಲರಿಗೂ ಗೊತ್ತಾಗಿದೆ. ಕೈ ಒಡ್ಡಿದೆ. ಅಗಿದೆ. ದವಡೆ ನೋಯುವ ತನಕ ಅಗಿದೆ. ಅವರು ಬಗ್ಗಿದಾಗ ಪಂಚೆಯ ಮೇಲೆ ಕೀಲಿಕೈ ತೂಗಿತು. ಸಣ್ಣದು, ಹಿತ್ತಾಳೆಯದು. ಮುಟ್ಟಿ ಮುಟ್ಟಿ ಹೊಳಪು ಬಂದಿದೆ.

ಜನವರಿ ೨೦. ಸೋಮವಾರ

ಬರೆಯಲಿಲ್ಲ. ನೀರಜಾ…

ಕುಡಿಸಿದ್ದು ಕುದಿಸಿದ ನೀರೇ. ಆಣೆ ಮಾಡಿ ಹೇಳುತ್ತೇನೆ. ಆದರೆ ಮೈ ತೊಳೆದದ್ದು ಟಾಕಿಯ ನೀರಿನಲ್ಲಿ. ತುಟಿ ನೆಕ್ಕಿರಬೇಕು. ಸಂಕ್ರಾಂತಿಯ ಮಾರನೆಯ ದಿನವೇ ವಾಂತಿಭೇದಿ ಸುರುವಾಯಿತು. ಡಾಕ್ಟರು ಬಂದರು, ಪುಡಿ ಕೊಟ್ಟರು, "ನೀರು ಸ್ವಚ್ಛ ಇರಲಿ" ಅಂದರು. ಹೂಂ ಅಂದೆ. ಇನ್ನೇನು ಅನ್ನಲಿ?

ಉಮಾವತಿ ತಾನಾಗಿ ಬಂದು ಕೂತಳು. ಚಮಚೆಯಿಂದ ಹನಿ ಹನಿ ಬಾಯಿಗೆ ಬಿಟ್ಟಳು. ನಡುನಡುವೆ ಕೂಸಿನ ರೆಪ್ಪೆ ಎತ್ತಿ ನೋಡುತ್ತಿದ್ದಳು.

"ಕಣ್ಣು ಒಳಗೆ ಹೋಗ್ಲಿಲ್ಲ ಮಾರಾಯ್ತಿ. ಹೆದರ್ಬೇಡ. ನಮ್ಮವಂದು ಹೋಗಿತ್ತು."

ಅಷ್ಟು ತಣ್ಣಗೆ ಹೇಳಿದಳು. ನನಗೆ ಅಳು ಬರಲಿಲ್ಲ. ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು.

ಇವತ್ತು ಗಂಜಿ ನಿಂತಿದೆ ಹೊಟ್ಟೆಯಲ್ಲಿ. ನಕ್ಕಳು ಒಂದು ಸಲ.

ಜನವರಿ ೨೪. ಶುಕ್ರವಾರ, ಸಂಜೆ

ಮಾಲಕರ ಹೆಂಡತಿ ರಂಗೂಬಾಯಿಯವರು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಹೋಗಬಾರದು ಅಂದುಕೊಂಡಿದ್ದೆ. ಉಮಾವತಿ ಎಳೆದುಕೊಂಡು ಹೋದಳು.

ವಾಡೆಯ ಹೆಂಗಸರೆಲ್ಲ ನಡುಮನೆಯಲ್ಲಿ. ಗಂಡಸರು ಹೊರಗೆ. ರಂಗೂಬಾಯಿ ನನ್ನ ಹಣೆಗೆ ಕುಂಕುಮ ಇಡುತ್ತ ಕಿವಿಯ ಹತ್ತಿರ ಕೇಳಿದರು, "ಆ ಕಾಗದ ಎಲ್ಲದ?"

"ರದ್ದಾತ್ರಿ ಕಾಕೂ."

"ಗೊತ್ತದ. ನಕ್ಕೋತ ಬಂದು ನನಗೂ ಹೇಳ್ಯಾರ. ಹೊಸಾದು ತಗೊಂಡು ಬಾ. ಹುಚ್ಚಿ, ಹೆಂಗಸರ ಕಡೆ ಗಂಡನ ಹೆಸರು ಪೋಲೀಸರಂಗ ಕೇಳತಾರೇನು? ಒಡಪು ಹಾಕಿ ಕೇಳು."

ಹಣೆ ಬಡಿದುಕೊಳ್ಳಬೇಕೆನ್ನಿಸಿತು. ಗಂಡನ ಹೆಸರು ಬರೀ ಬಾಯಿಂದ ಹೇಳಬಾರದು. ಒಡಪಿನಲ್ಲಿ, ಪ್ರಾಸದ ಎರಡು ಸಾಲಿನಲ್ಲಿ, ಕೂಡಿಸಿ ಹೇಳಬಹುದು. ಪ್ರತಿ ಅರಿಶಿನ ಕುಂಕುಮದಲ್ಲಿ ಹೇಳುವುದು ಅದನ್ನೇ. ನನ್ನ ಮದುವೆಯಲ್ಲಿ ನಾನೂ ಹೇಳಿದ್ದೇನೆ. ಮನೆ ಮನೆ ತಿರುಗುವಾಗ ಎಲ್ಲಿ ಹೋಗಿತ್ತು ಬುದ್ಧಿ?

ಓಡಿ ಹೋಗಿ ಕಾಗದ ತಂದೆ. ಇಂದೂನೇ ಮೊದಲು. ನಾಚಿ, ಕೂತು, ಎದ್ದು —

"ಪೋಸ್ಟಿನ ಪೆಟಗಿ ಬಣ್ಣ ಕೆಂಪು,
ಪ್ರಲ್ಹಾದರಾಯರು ಬಂದರ ಮನಿ ತಂಪು."

"ತಂಪೋ, ಬಿಸಿನೋ?" ಅಂದಳು ಒಬ್ಬಳು. ನಗು. ನಾನು ಬರೆದೆ: ಪ್ರಲ್ಹಾದ. ಒಬ್ಬೊಬ್ಬರೇ ಹೇಳುತ್ತ ಹೋದರು, ತಾತ್ಯಾ ಹೋಗಿ ಸಿದ್ರಾಮಪ್ಪ ಆದರು, ನಾನಾ ಹೋಗಿ ಸಂಕಪ್ಪ ಆದರು. ಕಾಲ್ಪನಿಕರೆಲ್ಲ ಮೈ ಪಡೆದುಕೊಂಡರು.

ಉಮಾವತಿಯ ಸರದಿ. ಕರಾವಳಿಯ ಅವಳ ಊರ ಕಡೆ ಒಡಪಿನ ರೂಢಿಯಿಲ್ಲ, ಪುಣೆಗೆ ಬಂದ ಮೇಲೆ ಕೇಳಿ ಕಲಿತದ್ದು. ಬಹಳ ಹೊತ್ತು ಸೆರಗಿನ ಅಂಚು ಸುತ್ತಿದಳು.

"ತೊಟ್ಟಿಲು ಬಿಚ್ಚಿ ಅಟ್ಟದಲ್ಲಿಟ್ಟೆ,
ಲೋಕನಾಥರ ಹೆಸರು ಬರೆಯಲು ಕೊಟ್ಟೆ."

ಯಾರೂ ನಗಲಿಲ್ಲ.

ಆಗ ರಂಗೂಬಾಯಿ ಕುಂಕುಮದ ಬಟ್ಟಲು ಕೆಳಗಿಟ್ಟರು. "ನಂದೂ ಬರಕೋ" ಅಂದರು.

"ಕಲ್ಲಿನ ಟಾಕ್ಯಾಗ ಪಾಚಿ ಬೆಳದದ ಹಸರ,
ನಳದ ಕೀಲಿಕೈ ಜನಿವಾರಕ್ಕ ಕಟ್ಯಾರ, ಮಾರ್ತಾಂಡರಾಯರು ಅವರ ಹೆಸರ."

ನನ್ನ ಪೆನ್ನು ನಿಂತಿತು. "ಕಾಕೂ, ಬರೀಲ್ಯಾ?"

"ಬರಿ. ಸುಂದರಗ ಸುರುವಾದಾಗ ಕೀಲಿಕೈ ಬೇಡಿದ್ದೆ ನಾ. ಪೂಜಾಕ್ಕ ಕೂತೀನಿ, ಆಮ್ಯಾಲ ಅಂದರು. ಬರಿ ನೀ."

ಜನವರಿ ೨೫. ಶನಿವಾರ

ಮಾಲಕರು ನಳ ತೆಗೆಯಲಿಲ್ಲ. "ಕೆಟ್ಟದ. ರಿಪೇರಿ ಆಗಬೇಕು." ಅಷ್ಟೇ ಮಾತು. ವಾಡೆಯಲ್ಲಿ ಯಾವ ಸುದ್ದಿಯೂ ಗೋಡೆ ದಾಟದೆ ಇರುವುದಿಲ್ಲ.

ಎರಡು ಗಲ್ಲಿ ದಾಟಿ ಸರಕಾರಿ ನಳದಿಂದ ಹೊತ್ತು ತಂದೆ. ಲೋಕನಾಥರು ಖಾನಾವಳಿಯಿಂದ ಒಂದು ಹಂಡೆ ಕಳಿಸಿದರು.

ಇವರು ಬಂದವರೇ, "ನಾ ಹೇಳಿರಲಿಲ್ಲೇನು? ಈಗ ನೋಡು, ಎಲ್ಲಾರಿಗೂ ತ್ರಾಸ. ಯಾರ ಸಲುವಾಗಿ ಇದೆಲ್ಲಾ?"

"ನಿಮ್ಮ ಮಗಳ ಸಲುವಾಗಿ! ಐದು ದಿನ ತೊಡಿ ಮ್ಯಾಲ ಯಾರು ಇಟಗೊಂಡು ಕೂತಿದ್ದರು? ನೀವು ಏನ್ ಬರಕೋತ ಕೂತಿದ್ರಿ, ಮೇಯರನ ಗೌನು?"

ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಆಮೇಲೆ ಮೆಲ್ಲಗೆ — "ನನ್ನ ಹೆಸರಂತೂ ಇಲ್ಲಲ್ಲ ಅದರಾಗ?"

"ಇಲ್ಲ."

ಉಸಿರು ಬಿಟ್ಟರು. ನಿರಾಳದ ಉಸಿರು. ಆ ಉಸಿರು ನಾನು ಸಾಯುವ ತನಕ ಮರೆಯುವುದಿಲ್ಲ.

ಜನವರಿ ೨೯. ಬುಧವಾರ, ಸಂಜೆ

ಬಂದವಳೇ ಪೆನ್ನು ಹಿಡಿದೆ.

ಇವತ್ತು ಇಲ್ಲಿತನಕ ಬಂದ ಅರ್ಜಿಗಳ ವಿಚಾರಣೆ. ನಾನು, ಉಮಾವತಿ, ಇಂದೂ ಕಮಿಟಿಯ ಆಫೀಸಿಗೆ ಹೋದೆವು. ಕೂಸು ಅಳಬಾರದೆಂದು ಉಮಾವತಿ ನೀರಜಾಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಉದ್ದನೆಯ ಮೇಜು. ನಡುವೆ ಮಾರ್ತಾಂಡರಾಯರು. ಅವರ ಎಡಕ್ಕೆ ಇವರು, ಮುಂದೆ ದಾಖಲೆಯ ಪುಸ್ತಕ, ಮಸಿ, ಮೊಹರಿನ ಶಿಕ್ಕಾ. ತಲೆ ಎತ್ತಲಿಲ್ಲ.

ಮಾಲಕರು ಹೆಸರುಗಳ ಮೇಲೆ ಬೆರಳಾಡಿಸುತ್ತ ಬಂದರು. ಒಂದು ಕಡೆ ಬೆರಳು ನಿಂತಿತು. ಕಿವಿ ಕೆಂಪಾದವು. ತಮ್ಮ ಹೆಂಡತಿಯ ಸಾಲು. ಆ ಹೆಸರು ಓದಲಿಲ್ಲ, ಪುಟ ತಿರುವಿದರು. ಆಮೇಲೆ ನಕ್ಕರು. ಸಂಕ್ರಾಂತಿಯ ದಿನದ ನಗು.

"ಎಲ್ಲಾರದೂ ಬರೋಬರಿ ಅದ. ಮೊದಲನೇ ಅರ್ಜಿದಾರಳ ಗಂಡನ ಹೆಸರಿನ ಜಾಗಾ ಖಾಲಿ ಅದಲ್ಲ? ಮೊದಲನೇದು ಅಪೂರ್ಣ ಇದ್ದರ ಅರ್ಜಿನ ನಡಿಯೂದಿಲ್ಲ. ನಿಯಮ." ಪಕ್ಕದವರಿಗೆ ಮರಾಠಿಯಲ್ಲಿ ಹೇಳಿದರು. ಮತ್ತೆ ನನ್ನ ಕಡೆ — "ನಾಚಿಕಿ ಆದರ ಒಡಪು ಹೇಳು ತಂಗಿ. ನಾವೂ ಕೇಳತೀವಿ."

ಮೇಜಿನ ಸುತ್ತ ನಗು. ಅವರಿಗೆ ಗೊತ್ತು. ನಾನು ಹೇಳಲಾರೆ, ಹೇಳಿದರೆ ಇವರ ನೌಕರಿ ಹೋಗುತ್ತದೆ. ಇವರು ಪೆನ್ನು ಮಸಿಯಲ್ಲಿ ಅದ್ದಿ ಕಾಯುತ್ತಿದ್ದರು, ಬರೆಯಲೋ, ನಾನು ಬಾಯಿ ತೆರೆಯದಿರಲೆಂದೋ. ತಿಳಿಯಲಿಲ್ಲ. ಹಿಂದೆ ನೀರಜಾ ಕೆಮ್ಮಿದಳು.

ಒಡಪು ನೆನಪಿತ್ತು. ಮದುವೆಯದು. ಅದನ್ನು ಈ ಜನರ ಮುಂದೆ ಹೇಳಲಾರೆ.

"ಬರಕೋರಿ" ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ನನ್ನ ಹೆಸರು ಸುಲಭಾ. ಗಂಡನ ಹೆಸರು ಮಧುಕರ. ಈ ಕಮಿಟಿಯ ಕಾರಕೂನ. ನಿಮ್ಮ ಎಡಕ್ಕ ಕೂತಾರ."

ನಗು ನಿಂತಿತು. ಎಲ್ಲ ತಲೆಗಳೂ ಅತ್ತ ತಿರುಗಿದವು. ಪೆನ್ನಿನಿಂದ ಒಂದು ಹನಿ ಕಾಗದದ ಮೇಲೆ ಬಿತ್ತು. ಇವರು ಅದನ್ನು ಒತ್ತುಕಾಗದದಿಂದ ಒತ್ತಿದರು, ನಿಧಾನ. ಆಮೇಲೆ ಬರೆದರು. ತಮ್ಮ ಹೆಸರು ತಾವೇ.

"ತಡಿ ಮಧುಕರ—" ಅಂದರು ಮಾಲಕರು.

ಅಷ್ಟರಲ್ಲಿ ಶಿಕ್ಕಾ ಬಿದ್ದಿತ್ತು. ದಾಖಲ.

ಅದರಿಂದ ಏನಾಯಿತು? ಏನೂ ಇಲ್ಲ. ಕಾಗದ ಕಡತಕ್ಕೆ ಹೋಯಿತು. ಸನದಿನಲ್ಲಿ ಒಂದು ಸಾಲು ಸೇರುವುದೋ ಇಲ್ಲವೋ, ಯಾವ ವರ್ಷಕ್ಕೋ. ಕೀಲಿ ಅಲ್ಲೇ ಇದೆ, ಕೀಲಿಕೈ ಅಲ್ಲೇ ಇದೆ. ಮನೆಗೆ ಬಂದು ಟಾಕಿ ನೋಡಿ ಮತ್ತೆ ಮೈಯೆಲ್ಲ ಉರಿ.

ಕೆಳಗೆ ಗದ್ದಲ. ಕಿಟಕಿಯಿಂದ ನೋಡಿದೆ. ಇವರು… ಮಧುಕರ. ಮೇಲೆ ಬಂದಿಲ್ಲ. ಆಫೀಸಿನ ಕೋಟು ಮೈಮೇಲೇ ಇದೆ. ಮೆಟ್ಟಿಲ ಬುಡದಲ್ಲಿದ್ದ ನಮ್ಮ ತಾಮ್ರದ ಕೊಡ ಹಿಡಿದು ಕೀಲಿ ಹಾಕಿದ ನಳದ ಮುಂದೆ ನಿಂತಿದ್ದಾರೆ. ತೆಗೆಯುವ ತನಕ ಅಲ್ಲಿಂದ ಕದಲುವುದಿಲ್ಲವಂತೆ, ಇಂದೂ ಓಡಿ ಬಂದು ಹೇಳಿ ತನ್ನ ಕೊಡ ತೆಗೆದುಕೊಂಡು ಹೋದಳು. ಅವರ ಹಿಂದೆ ಈಗ ಉಮಾವತಿ. ಅವಳ ಹಿಂದೆ ಪೋಸ್ಟಿನ ಅಣ್ಣಾ — ಪ್ರಲ್ಹಾದ. ಮಾಲಕರ ಬಾಗಿಲು ತೆರೆಯಿತು. ಹೊರಗೆ ಬಂದದ್ದು ಅವರಲ್ಲ, ರಂಗೂಬಾಯಿ. ಅವರ ಕೈಯಲ್ಲೂ ಕೊಡ.

ಸಾಲಿನಲ್ಲಿ ನಾನೊಬ್ಬಳೇ ಇಲ್ಲ. ನಮ್ಮ ಇನ್ನೊಂದು ಕೊಡ ಎಲ್ಲಿ—